ಒಂದನೇ ತರಗತಿಗೆ ಒಂದು ವರ್ಷ ತಡ: ಮಗುವಿಗೆ ಲಾಭವೋ ನಷ್ಟವೋ?

ಮೈಸೂರಿನ ಹೆಬ್ಬಾಳದ ಒಂದೇ ಬೀದಿಯಲ್ಲಿ ಇಬ್ಬರು ಮಕ್ಕಳಿದ್ದಾರೆ ಎಂದಿಟ್ಟುಕೊಳ್ಳಿ. ಒಬ್ಬಳು ಹುಟ್ಟಿದ್ದು 2020ರ ಮೇ 31ರಂದು, ಇನ್ನೊಬ್ಬ ಅದೇ ವರ್ಷದ ಜೂನ್ 14ರಂದು. ಇಬ್ಬರೂ ಒಂದೇ ಆಟೋದಲ್ಲಿ ಎಲ್‌ಕೆಜಿ, ಯುಕೆಜಿಗೆ ಹೋಗಿ ಬಂದವರು. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂಬ ನಿಯಮವನ್ನು ಅಕ್ಷರಶಃ ಹಿಡಿದರೆ ಮೊದಲನೆಯವಳು 2026ರಲ್ಲಿ ಒಂದನೇ ತರಗತಿಗೆ ಕೂರುತ್ತಾಳೆ. ಎರಡನೆಯವನು 2027ರ ಜೂನ್‌ವರೆಗೆ ಕಾಯಬೇಕು. ಹದಿನಾಲ್ಕು ದಿನಗಳ ಅಂತರ ಶಾಲೆಯ ರಿಜಿಸ್ಟರಿನಲ್ಲಿ ಒಂದು ವರ್ಷವಾಗಿಬಿಡುತ್ತದೆ.

ಅವನ ಮನೆಯವರು "ಒಂದು ವರ್ಷ ವೇಸ್ಟ್ ಆಯ್ತು" ಎನ್ನುತ್ತಾರೆ. ಅತ್ತ ಅವಳ ಮನೆಯವರಿಗೆ ಬೇರೆಯೇ ಚಿಂತೆ: "ತರಗತಿಯಲ್ಲಿ ನಮ್ಮವಳೇ ಎಲ್ಲರಿಗಿಂತ ಚಿಕ್ಕವಳಾಗ್ತಾಳೆ, ಇನ್ನೊಂದು ವರ್ಷ ಬಿಟ್ಟು ಸೇರಿಸೋಣವಾ?" ಮೇಲ್ನೋಟಕ್ಕೆ ಎರಡು ಪ್ರಶ್ನೆ. ಒಳಗಿರುವುದು ಒಂದೇ: ಒಂದು ವರ್ಷ ತಡವಾದರೆ ಮಗುವಿಗೆ ಏನಾಗುತ್ತದೆ?

ಈ ಆರು ವರ್ಷದ ಲೆಕ್ಕ ಎಲ್ಲಿಂದ ಬಂತು?

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಉಚಿತ, ಕಡ್ಡಾಯ ಶಿಕ್ಷಣದ ಹಕ್ಕನ್ನು ಅದು ಕೊಟ್ಟಿದ್ದು 6ರಿಂದ 14 ವರ್ಷದ ಮಕ್ಕಳಿಗೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಆರರವರೆಗೆ ಶಾಲಾಪೂರ್ವ, ಆರಕ್ಕೆ ಒಂದನೇ ತರಗತಿ ಎಂದಿತು. ನಮ್ಮ ರಾಜ್ಯದಲ್ಲಿ ಅದುವರೆಗೆ ಚಾಲ್ತಿಯಲ್ಲಿದ್ದ ಕನಿಷ್ಠ ವಯಸ್ಸು 5 ವರ್ಷ 5 ತಿಂಗಳು. 2022ರ ಜುಲೈನಲ್ಲಿ ಶಿಕ್ಷಣ ಇಲಾಖೆ ಅದನ್ನು 6 ವರ್ಷಕ್ಕೆ ಏರಿಸಿತು. ಪೋಷಕರು ಗಲಾಟೆ ಮಾಡಿದರು. ಅದೇ ನವೆಂಬರಿನಲ್ಲಿ ಜಾರಿಯನ್ನು 2025-26ಕ್ಕೆ ಮುಂದೂಡಲಾಯಿತು. ಅಷ್ಟರೊಳಗೆ ಎಲ್‌ಕೆಜಿಗೆ ಸೇರುವ ಮಕ್ಕಳ ವಯಸ್ಸು ಸರಿಹೋಗಲಿ ಎಂಬುದು ಲೆಕ್ಕಾಚಾರ.

ಸರಿಹೋಗಲಿಲ್ಲ. ಹಲವು ಶಾಲೆಗಳು ನಾಲ್ಕು ತುಂಬದ ಮಕ್ಕಳನ್ನೂ ಎಲ್‌ಕೆಜಿಗೆ ಸೇರಿಸಿಕೊಳ್ಳುತ್ತಲೇ ಇದ್ದವು, ಪೋಷಕರೂ ಸೇರಿಸುತ್ತಲೇ ಇದ್ದರು. 2025ರ ಬೇಸಿಗೆ ಬಂದಾಗ ಯುಕೆಜಿ ಮುಗಿಸಿಯೂ ಆರು ತುಂಬದ ಮಕ್ಕಳ ದೊಡ್ಡ ಗುಂಪೇ ಹೊಸ್ತಿಲಲ್ಲಿ ನಿಂತಿತ್ತು. 2025ರ ಏಪ್ರಿಲ್ 16ರಂದು ಶಾಲಾ ಶಿಕ್ಷಣ ಸಚಿವ ಮಧು ಬಂಗಾರಪ್ಪ ಸಡಿಲಿಕೆ ಪ್ರಕಟಿಸಿದರು: ಎಲ್‌ಕೆಜಿ, ಯುಕೆಜಿ ಮುಗಿಸಿದ್ದರೆ 5 ವರ್ಷ 5 ತಿಂಗಳಿಗೇ ಪ್ರವೇಶ, ಆದರೆ ಆ ಒಂದು ವರ್ಷಕ್ಕೆ ಮಾತ್ರ, 2026-27ರಿಂದ ಆರು ವರ್ಷವೇ. ಇಲಾಖೆಯ ಸುತ್ತೋಲೆಗಳು ಪರೀಕ್ಷೆ ಮುಗಿಯುವ ಹೊತ್ತಿಗೆ ಬದಲಾದದ್ದನ್ನು ನಾವೆಲ್ಲ ನೋಡಿದ್ದೇವೆ. ಆದ್ದರಿಂದ ನಿಮ್ಮ ಮಗು ಸೇರುವ ವರ್ಷದ ಸುತ್ತೋಲೆ ಏನು ಹೇಳುತ್ತದೆ ಎಂದು ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ಕೇಳಿ ತಿಳಿಯಿರಿ. ವಾಟ್ಸ್ಆ್ಯಪ್‌ನಲ್ಲಿ ಸುತ್ತುವುದು ಎಷ್ಟೋ ಸಲ ಹಿಂದಿನ ವರ್ಷದ್ದಾಗಿರುತ್ತದೆ.

ಕೈ ಕಿವಿಗೆ ಎಟುಕಿದರೆ ಶಾಲೆಗೆ ಸೈ?

ಅಜ್ಜ ಅಜ್ಜಿಯರ ಕಾಲದಲ್ಲಿ ಸುತ್ತೋಲೆಯ ಹಂಗೇ ಇರಲಿಲ್ಲ. ಮಗುವನ್ನು ಹೆಡ್‌ಮಾಸ್ತರರ ಮುಂದೆ ನಿಲ್ಲಿಸಿದರೆ ಬಲಗೈಯನ್ನು ತಲೆಯ ಮೇಲಿಂದ ತಂದು ಎಡಗಿವಿ ಮುಟ್ಟು ಎನ್ನುತ್ತಿದ್ದರು. ಮುಟ್ಟಿದರೆ ಹೆಸರು ಬರೆದುಕೊಳ್ಳುವುದು, ಇಲ್ಲವಾದರೆ ಮುಂದಿನ ವರ್ಷ ಬಾ. ಹುಟ್ಟಿದ ದಿನ ಯಾರಿಗೂ ನೆನಪಿರದಿದ್ದರೆ ಮಾಸ್ತರರೇ ಒಂದು ತಾರೀಖು ಹಾಕುತ್ತಿದ್ದರು, ಹೆಚ್ಚಾಗಿ ಜೂನ್ 1. ಇವತ್ತಿಗೂ ಎಷ್ಟೋ ಹಿರಿಯರ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅದೇ ಹುಟ್ಟುಹಬ್ಬ.

ಈ ಪರೀಕ್ಷೆಯನ್ನು ಅಡ್ಡಾದಿಡ್ಡಿ ಎಂದು ತಳ್ಳಿಹಾಕುವಂತಿಲ್ಲ. ಹುಟ್ಟಿದಾಗ ಮಗುವಿನ ತಲೆ ದೇಹದ ಉದ್ದದ ನಾಲ್ಕನೇ ಒಂದು ಭಾಗದಷ್ಟಿರುತ್ತದೆ. ದೊಡ್ಡವರಲ್ಲಿ ಸುಮಾರು ಎಂಟನೇ ಒಂದು ಭಾಗ. ತಲೆ ನಿಧಾನವಾಗಿ, ಕೈಕಾಲು ವೇಗವಾಗಿ ಬೆಳೆಯುವುದರಿಂದ ಆರೇಳು ವರ್ಷದ ಹೊತ್ತಿಗೆ ಬೆರಳು ಆಚೆ ಕಿವಿಗೆ ಎಟುಕತೊಡಗುತ್ತದೆ. ಜನನ ಪ್ರಮಾಣಪತ್ರವಿಲ್ಲದ ಕಾಲಕ್ಕೆ ವಯಸ್ಸು ಊಹಿಸಲು ಅದು ಒಂದು ಮಟ್ಟಿಗೆ ಸಾಕಿತ್ತು. ಆದರೆ ಅದು ಅಳೆಯುವುದು ಕೈಯ ಉದ್ದವನ್ನು. ಕಥೆ ಕೇಳಿ ಮತ್ತೆ ಹೇಳಬಲ್ಲದೇ, ಅಮ್ಮನನ್ನು ಬಿಟ್ಟು ಇರಬಲ್ಲದೇ ಎಂಬುದು ಕಿವಿ ಮುಟ್ಟುವುದರಿಂದ ತಿಳಿಯದು. ಅಪೌಷ್ಟಿಕತೆಯಿಂದ ಕುಳ್ಳಗಾದ ಮಗು ವಯಸ್ಸಾಗಿದ್ದರೂ ಅಲ್ಲಿ ಫೇಲಾಗುವ ಸಾಧ್ಯತೆ ಬೇರೆ.

ಈಗಿನ ಕಾಲದ ಕಿವಿ ಪರೀಕ್ಷೆ ಎಂದರೆ ಮೊಬೈಲಿನಲ್ಲಿ ತಿರುಗುವ ಎಕ್ಸ್‌ರೇ ಚಿತ್ರ. ನಾಲ್ಕು ವರ್ಷದ ಕೈಯಲ್ಲಿ ಮಣಿಕಟ್ಟಿನ ಮೂಳೆಗಳ ನಡುವೆ ಖಾಲಿ ಜಾಗ, ಏಳು ವರ್ಷದ ಕೈಯಲ್ಲಿ ತುಂಬಿದ ಮೂಳೆ. "ನೋಡಿ, ಮೂಳೆಯೇ ಇಲ್ಲ, ಇಷ್ಟು ಬೇಗ ಬರೆಸಬೇಡಿ" ಎಂಬ ಅಡಿಬರಹ. ಚಿತ್ರ ಸುಳ್ಳಲ್ಲ, ಅದರಿಂದ ತೆಗೆದ ತೀರ್ಮಾನ ತಪ್ಪು. ಆ ಖಾಲಿ ಜಾಗದಲ್ಲಿ ಮೃದ್ವಸ್ಥಿ ಇರುತ್ತದೆ. ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಅಷ್ಟೆ. ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಕೊನೆಯದು ಗಟ್ಟಿಯಾಗತೊಡಗುವುದು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡು ವರ್ಷದ ನಡುವೆ. ಮೂಳೆಗಾಗಿಯೇ ಕಾಯುವುದಾದರೆ ಮಕ್ಕಳು ಐದನೇ ತರಗತಿಯವರೆಗೆ ಪೆನ್ಸಿಲ್ ಹಿಡಿಯುವಂತಿಲ್ಲ. ಚಿಕ್ಕ ಮಕ್ಕಳಿಗೆ ಪುಟಗಟ್ಟಲೆ ಕಾಪಿ ಬರೆಸಬಾರದು ಎಂಬ ಮಾತು ಸರಿಯೇ, ಆದರೆ ಅದಕ್ಕೆ ಕಾರಣ ಬೇರೆ: ಬೆರಳಿನ ಸಣ್ಣ ಸ್ನಾಯುಗಳ ಹಿಡಿತ, ಕಣ್ಣು-ಕೈ ಹೊಂದಾಣಿಕೆ ಅಭ್ಯಾಸದಿಂದ ನಿಧಾನವಾಗಿ ಬರುವಂಥವು. ಮಣ್ಣು ಕಲಸುವುದು, ರಂಗೋಲಿ ಚುಕ್ಕಿ ಇಡುವುದು, ಅವರೆಕಾಯಿ ಸುಲಿಯುವುದು ಆ ಅಭ್ಯಾಸವನ್ನು ಚೆನ್ನಾಗಿ ಮಾಡಿಸುತ್ತವೆ.

ದೊಡ್ಡವನಾಗಿ ಸೇರಿದವನು ಮುಂದಿರುತ್ತಾನೆಯೇ?

ಇರುತ್ತಾನೆ, ಮೊದಮೊದಲು. ಇದನ್ನು ಹಲವು ದೇಶಗಳಲ್ಲಿ ಅಳೆದಿದ್ದಾರೆ. ಕೆಲ್ಲಿ ಬೆಡಾರ್ಡ್ ಮತ್ತು ಎಲಿಜಬೆತ್ ಡ್ಯೂಯಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕನೇ ತರಗತಿಯಲ್ಲಿ ಅತಿ ಕಿರಿಯ ಮಕ್ಕಳು ಅತಿ ಹಿರಿಯರಿಗಿಂತ ಪರ್ಸೆಂಟೈಲ್ ಲೆಕ್ಕದಲ್ಲಿ 4ರಿಂದ 12ರಷ್ಟು ಹಿಂದಿದ್ದರು. ಎಂಟನೇ ತರಗತಿಯಲ್ಲಿ ಆ ಅಂತರ 2ರಿಂದ 9ಕ್ಕೆ ಇಳಿದಿತ್ತು.

ಇದರಲ್ಲಿ ಆಶ್ಚರ್ಯವೇನಿಲ್ಲ. ಆರು ವರ್ಷದ ಮಗುವಿಗೆ ಹನ್ನೆರಡು ತಿಂಗಳು ಎಂದರೆ ಅದು ಬದುಕಿದ ಕಾಲದ ಆರನೇ ಒಂದು ಭಾಗ. ಹದಿನೆಂಟರ ಹುಡುಗನಿಗೆ ಅದೇ ಹನ್ನೆರಡು ತಿಂಗಳು ಹದಿನೆಂಟನೇ ಒಂದು ಭಾಗ. ಹಿರಿಯ ಮಗು ಚೆನ್ನಾಗಿ ಉತ್ತರಿಸುವುದು ಬಹುಪಾಲು ಪರೀಕ್ಷೆಯ ದಿನ ಅದಕ್ಕೆ ಹೆಚ್ಚು ವಯಸ್ಸಾಗಿರುವುದರಿಂದ. ತಡವಾಗಿ ಸೇರಿದ್ದರಿಂದಲೇ ಬುದ್ಧಿ ಹೆಚ್ಚಿತು ಎಂದು ಅದರಿಂದ ಹೇಳಲಾಗದು.

ಇವೆರಡನ್ನೂ ಬಿಡಿಸಿ ನೋಡಿದ್ದು ನಾರ್ವೆಯ ಅಧ್ಯಯನ. ಸಾಂಡ್ರಾ ಬ್ಲ್ಯಾಕ್, ಪಾಲ್ ಡೆವೆರೂ, ಶೆಲ್ ಸಾಲ್ವಾನೆಸ್ 2011ರಲ್ಲಿ ಪ್ರಕಟಿಸಿದ್ದು. ಅಲ್ಲಿ ಯುವಕರೆಲ್ಲ ಸೇನಾ ನೇಮಕಾತಿಯ ಹೊತ್ತಿಗೆ, ಸುಮಾರು ಹದಿನೆಂಟರ ವಯಸ್ಸಿನಲ್ಲಿ, ಬುದ್ಧಿಮತ್ತೆ ಪರೀಕ್ಷೆ ಬರೆಯುತ್ತಿದ್ದರು. ಹಾಗಾಗಿ ಶಾಲೆಗೆ ಬೇಗ ಸೇರಿದವರನ್ನೂ ತಡವಾಗಿ ಸೇರಿದವರನ್ನೂ ಒಂದೇ ವಯಸ್ಸಿನಲ್ಲಿ ಹೋಲಿಸಲು ಸಾಧ್ಯವಾಯಿತು. ತಡವಾಗಿ ಸೇರಿದವರಿಗೆ ಯಾವ ಲಾಭವೂ ಕಾಣಲಿಲ್ಲ. ಇದ್ದ ಅತಿ ಸಣ್ಣ ವ್ಯತ್ಯಾಸ ಬೇಗ ಸೇರಿದವರ ಕಡೆಗೇ ವಾಲಿತ್ತು. ದುಡಿಮೆಯಲ್ಲೂ ತಡವಾಗಿ ಸೇರಿದವರು ಮೊದಲು ಸ್ವಲ್ಪ ಹಿಂದೆ, ಮೂವತ್ತರ ಹೊತ್ತಿಗೆ ಸರಿಸಮ. "ಒಂದು ವರ್ಷ ಹೋಯಿತು" ಎಂದು ಹಲುಬುವವರಿಗೂ "ಒಂದು ವರ್ಷ ಉಳಿಸಿಕೊಂಡೆವು" ಎಂದು ಬೀಗುವವರಿಗೂ ಇದೇ ಉತ್ತರ.

ಓದಿನ ವಿಷಯಕ್ಕೆ ನ್ಯೂಜಿಲೆಂಡ್‌ನಲ್ಲಿ ಸೆಬಾಸ್ಟಿಯನ್ ಸುಗ್ಗೇಟ್ ಮತ್ತು ಸಂಗಡಿಗರು ಐದಕ್ಕೆ ಓದು ಕಲಿಯಲು ಶುರುಮಾಡಿದವರನ್ನೂ ಏಳಕ್ಕೆ ಶುರುಮಾಡಿದವರನ್ನೂ ಹೋಲಿಸಿದರು. ಹನ್ನೊಂದರ ಹೊತ್ತಿಗೆ ಓದುವ ಸಾಮರ್ಥ್ಯದಲ್ಲಿ ಇಬ್ಬರೂ ಒಂದೇ. ನಾಲ್ಕು ವರ್ಷಕ್ಕೇ ಕಾಗುಣಿತ ಬರಲಿಲ್ಲವೆಂದು ಕಣ್ಣೀರು ಹಾಕಿಸುವ ಮನೆಗಳು ಇದನ್ನೊಮ್ಮೆ ನೆನೆಯಬಹುದು.

ಹಾಗಾದರೆ ತರಗತಿಯಲ್ಲಿ ಅತಿ ಕಿರಿಯನಾಗಿರುವುದರಿಂದ ತೊಂದರೆಯೇ ಇಲ್ಲವೇ? ಒಂದು ತೊಂದರೆ ನಿಜಕ್ಕೂ ಇದೆ, ಮತ್ತು ಅದು ಅಂಕದ್ದಲ್ಲ. ಅಮೆರಿಕದಲ್ಲಿ ಸೆಪ್ಟೆಂಬರ್ 1ನ್ನು ಗಡಿಯಾಗಿಸಿಕೊಂಡ ರಾಜ್ಯಗಳಲ್ಲಿ ಆಗಸ್ಟಿನಲ್ಲಿ ಹುಟ್ಟಿದವರು ತರಗತಿಗೇ ಕಿರಿಯರು, ಸೆಪ್ಟೆಂಬರಿನಲ್ಲಿ ಹುಟ್ಟಿದವರು ಹಿರಿಯರು. 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನದ ಪ್ರಕಾರ ಗಮನಕೊರತೆ-ಅತಿಚಟುವಟಿಕೆಯ ತೊಂದರೆ, ಅಂದರೆ ಎಡಿಎಚ್‌ಡಿ, ಇದೆಯೆಂದು ಗುರುತಿಸಲ್ಪಟ್ಟವರು ಆಗಸ್ಟಿನ ಮಕ್ಕಳಲ್ಲಿ ಹತ್ತು ಸಾವಿರಕ್ಕೆ 85.1, ಸೆಪ್ಟೆಂಬರಿನವರಲ್ಲಿ 63.6. ಒಂದು ತಿಂಗಳ ಅಂತರದಲ್ಲಿ ಕಾಯಿಲೆ ಹೀಗೆ ಜಾಸ್ತಿಯಾಗದು. ಪಕ್ಕದ ಬೆಂಚಿನ ಹಿರಿಯ ಮಗುವಿನ ಜೊತೆ ಹೋಲಿಸಿ, ವಯಸ್ಸಿಗೆ ಸಹಜವಾದ ಚಡಪಡಿಕೆಗೇ ಕಾಯಿಲೆಯ ಹೆಸರು ಕೊಟ್ಟಿರುವ ಸಂಭವವೇ ಹೆಚ್ಚು. ನಮ್ಮಲ್ಲಿ ಈ ಹಣೆಪಟ್ಟಿಗೆ ಬೇರೆ ಹೆಸರುಗಳಿವೆ: "ದಡ್ಡ", "ತುಂಟ", "ಕೂತಲ್ಲಿ ಕೂರಲ್ಲ". ಮೇ ತಿಂಗಳಲ್ಲಿ ಹುಟ್ಟಿದ ಮಗುವಿನ ಬಗ್ಗೆ ಟೀಚರ್ ಹಾಗೆಂದರೆ ಒಮ್ಮೆ ಹುಟ್ಟಿದ ತಾರೀಖನ್ನು ನೆನಪಿಸಿ. ಅದು ವಾದಕ್ಕಿಳಿದಂತಲ್ಲ, ಮಾಹಿತಿ ಕೊಟ್ಟಂತೆ.

ನಮ್ಮ ತರಗತಿಗಳಲ್ಲಿ ವಯಸ್ಸಿನ ಹರವು ಇನ್ನೂ ದೊಡ್ಡದು. ಗ್ರಾಮೀಣ ಭಾರತದಲ್ಲಿ ಚಿಕ್ಕ ಮಕ್ಕಳ ಬಗ್ಗೆ ನಡೆದ 2019ರ ಅಸರ್ ಸಮೀಕ್ಷೆಯಲ್ಲಿ ಒಂದನೇ ತರಗತಿಯಲ್ಲಿದ್ದವರ ಪೈಕಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳು ನಾಲ್ಕೈದು ವರ್ಷದವರು, ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಏಳೆಂಟು ವರ್ಷದವರು. ಒಂದೇ ಪಾಠ, ಒಂದೇ ಹೋಂವರ್ಕ್, ಪಕ್ಕಪಕ್ಕದಲ್ಲಿ ನಾಲ್ಕರವನೂ ಎಂಟರವನೂ. ಆರು ವರ್ಷದ ನಿಯಮದ ಪರವಾಗಿ ನನಗೆ ಬಲವಾಗಿ ಕಾಣುವ ವಾದ ಇದೇ: ಹರವು ಕಿರಿದಾದರೆ ಕಿರಿಯ ಮಗುವಿನ ಮೇಲಿನ ಹೊರೆ ಇಳಿಯುತ್ತದೆ. ಆದರೆ ಯಾವ ತಾರೀಖನ್ನು ಗಡಿ ಮಾಡಿದರೂ ತರಗತಿಯಲ್ಲಿ ಯಾರೋ ಒಬ್ಬರು ಅತಿ ಕಿರಿಯರಾಗಿಯೇ ಇರುತ್ತಾರೆ.

ಆ ವರ್ಷ ಎಲ್ಲಿ ಕಳೆಯುತ್ತದೆ?

ಡೆನ್ಮಾರ್ಕಿನಲ್ಲಿ ಥಾಮಸ್ ಡೀ ಮತ್ತು ಹಾನ್ಸ್ ಹೆನ್ರಿಕ್ ಸಿವರ್ಟ್ಸನ್ ನಡೆಸಿದ ಅಧ್ಯಯನವನ್ನು ತಡ ಮಾಡುವವರು ಆಗಾಗ ಉದಾಹರಿಸುತ್ತಾರೆ. ಒಂದು ವರ್ಷ ತಡವಾಗಿ ಶಾಲೆ ಸೇರಿದ ಮಕ್ಕಳಲ್ಲಿ ಏಳನೇ ವಯಸ್ಸಿಗೆ ಗಮನಕೊರತೆ, ಚಡಪಡಿಕೆ ಗಣನೀಯವಾಗಿ ಕಡಿಮೆ. ಹನ್ನೊಂದರಲ್ಲೂ ಅದು ಉಳಿದಿತ್ತು. ಆದರೆ ಆ ದೇಶದ ಮಕ್ಕಳು ಆ ವರ್ಷವನ್ನು ಕಳೆಯುವುದು ಸರ್ಕಾರ ನೆರವು ಕೊಡುವ, ಆಟಕ್ಕೇ ಮೀಸಲಾದ ಒಳ್ಳೆಯ ಶಿಶುವಿಹಾರದಲ್ಲಿ. ಏಳಕ್ಕೆ ಶಾಲೆ ಎಂದು ಎಲ್ಲರೂ ಹೊಗಳುವ ಫಿನ್‌ಲೆಂಡಿನಲ್ಲೂ 2015ರಿಂದ ಆರನೇ ವಯಸ್ಸಿನ ಪೂರ್ವಪ್ರಾಥಮಿಕ ವರ್ಷ ಕಡ್ಡಾಯ. ತಡವಾಗಿ ಎಂದರೆ ಅಲ್ಲೆಲ್ಲ ಮನೆಯಲ್ಲಿ ಸುಮ್ಮನೆ ಎಂದಲ್ಲ.

ಹೆಬ್ಬಾಳದಂಥ ಬಡಾವಣೆಯಲ್ಲಿ ಈ ಪ್ರಶ್ನೆ ಎಲ್ಲರಿಗೂ ಒಂದೇ ಆಗಿ ಬರುವುದಿಲ್ಲ. ಒಂದೆಡೆ ಇನ್ಫೋಸಿಸ್ ಕ್ಯಾಂಪಸ್, ಇನ್ನೊಂದೆಡೆ ಕೈಗಾರಿಕಾ ಪ್ರದೇಶದ ಶೆಡ್ಡುಗಳು. ಅಜ್ಜಿ ಕಥೆ ಹೇಳುವ, ಪುಸ್ತಕವಿರುವ ಮನೆಯ ಮಗುವಿಗೆ ಕಾಯುವ ವರ್ಷ ಹಬ್ಬವಾಗಬಹುದು. ಅಪ್ಪ ಅಮ್ಮ ಇಬ್ಬರೂ ಶಿಫ್ಟಿನಲ್ಲಿ ದುಡಿಯುವ ಬಾಡಿಗೆ ಕೋಣೆಯಲ್ಲಿ ಅದೇ ವರ್ಷ ಪಕ್ಕದ ಮನೆಯವರ ಕೈಯಲ್ಲಿ, ಇಲ್ಲವೇ ಮೊಬೈಲಿನ ಮುಂದೆ ಕಳೆದುಹೋಗಬಹುದು. ಯುಕೆಜಿಯನ್ನೇ ಮತ್ತೊಮ್ಮೆ ಓದಿಸುವುದಾದರೆ ಇನ್ನೊಂದು ವರ್ಷದ ಫೀಸು. ಅದರ ಜೊತೆ ಗೆಳೆಯರೆಲ್ಲ ಮುಂದೆ ಹೋಗಿ ತಾನೊಬ್ಬ ಹಳೇ ಕೋಣೆಯಲ್ಲಿ ಉಳಿದೆ ಎಂಬ ಭಾವ. ಐದು ವರ್ಷದ ಮಗುವಿಗೂ ಅದು ಗೊತ್ತಾಗುತ್ತದೆ.

ಅಂಗನವಾಡಿಯನ್ನು ಈ ಲೆಕ್ಕದಲ್ಲಿ ಮಧ್ಯಮವರ್ಗ ಮರೆತೇಬಿಡುತ್ತದೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಆರು ವರ್ಷದವರೆಗೆ ಅಲ್ಲಿ ಊಟ, ಆಟ, ಶಾಲಾಪೂರ್ವ ಕಲಿಕೆ ಉಚಿತ. ಎಲ್ಲ ಕೇಂದ್ರಗಳೂ ಒಂದೇ ರೀತಿ ನಡೆಯುವುದಿಲ್ಲ ಎಂಬುದೂ ನಿಜ. ತಮಿಳುನಾಡಿನ ಅಂಗನವಾಡಿಗಳಲ್ಲಿ ಪ್ರಯೋಗಕ್ಕಾಗಿ ಇನ್ನೊಬ್ಬ ಕಾರ್ಯಕರ್ತೆಯನ್ನು ನೇಮಿಸಿ ನೋಡಿದಾಗ ಶಾಲಾಪೂರ್ವ ಕಲಿಕೆಯ ಸಮಯ ದುಪ್ಪಟ್ಟಾಯಿತು, ಮಕ್ಕಳ ಕಲಿಕೆಯೂ ಸುಧಾರಿಸಿತು. ಸೇರಿಸುವ ಮುನ್ನ ಒಂದು ಬೆಳಗ್ಗೆ ಹೋಗಿ ಅರ್ಧ ಗಂಟೆ ಕೂತು ನೋಡಿ. ಟೀಚರ್ ಮಕ್ಕಳೊಡನೆ ಮಾತಾಡುತ್ತಿದ್ದಾರೆಯೇ, ಮಕ್ಕಳು ಮಾತಾಡುತ್ತಿದ್ದಾರೆಯೇ ಎಂಬುದನ್ನಷ್ಟು ಗಮನಿಸಿದರೆ ಸಾಕು. ಖಾಸಗಿ ನರ್ಸರಿಗೂ ಇದೇ ಪರೀಕ್ಷೆ.

ಕಾಯುವುದು ಮದ್ದಲ್ಲದ ಸಂದರ್ಭ

ತಡ ಮಾಡುವ ತೀರ್ಮಾನದಲ್ಲಿ ನಿಜವಾದ ಅಪಾಯ ಇರುವುದು ಇಲ್ಲಿ. "ಅವನಿಗಿನ್ನೂ ಮಾತು ಸ್ಪಷ್ಟವಿಲ್ಲ, ಒಂದು ವರ್ಷ ಬಿಟ್ಟು ಸೇರಿಸೋಣ. ಅವರಪ್ಪನೂ ತಡವಾಗಿಯೇ ಮಾತಾಡಿದ್ದು." ಈ ಮಾತನ್ನು ಕೇಳದ ಮನೆ ವಿರಳ. ಐದು ವರ್ಷದ ಮಗುವಿನ ಮಾತು ಹೊರಗಿನವರಿಗೆ ಅರ್ಥವಾಗದಿದ್ದರೆ, ಕರೆದರೆ ತಿರುಗದಿದ್ದರೆ, ಟಿವಿಯ ಸದ್ದು ಏರಿಸುತ್ತಲೇ ಇದ್ದರೆ, ಬೇರೆ ಮಕ್ಕಳ ಜೊತೆ ಬೆರೆಯದೇ ಇದ್ದರೆ ಅದಕ್ಕೆ ಬೇಕಿರುವುದು ತಪಾಸಣೆ. ಪದೇಪದೇ ನೆಗಡಿಯಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ದ್ರವ ತುಂಬಿ ಕೇಳಿಸುವುದು ಮಂದವಾಗುವುದುಂಟು. ಚಿಕಿತ್ಸೆಯಿರುವ ಇಂಥ ತೊಂದರೆಗೆ "ಇನ್ನೂ ಚಿಕ್ಕವನು" ಎಂಬ ಸಮಾಧಾನ ಹೇಳಿ ಒಂದು ವರ್ಷ ಕಳೆದರೆ ಆ ವರ್ಷ ನಿಜಕ್ಕೂ ನಷ್ಟ.

ಮೈಸೂರಿನವರು ಈ ವಿಷಯದಲ್ಲಿ ಅದೃಷ್ಟವಂತರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲೇ ಇದೆ. ಬೇರೆ ರಾಜ್ಯಗಳಿಂದ ಜನ ಅಲ್ಲಿಗೆ ಮಕ್ಕಳನ್ನು ಕರೆತರುತ್ತಾರೆ. ಕಣ್ಣನ್ನೂ ಒಮ್ಮೆ ತೋರಿಸಿ. ಬೋರ್ಡು ಕಾಣದ ಮಗು ತನಗೆ ಕಾಣುತ್ತಿಲ್ಲ ಎಂದು ಹೇಳುವುದಿಲ್ಲ, ಎಲ್ಲರಿಗೂ ಹೀಗೇ ಕಾಣುತ್ತದೆ ಎಂದುಕೊಂಡಿರುತ್ತದೆ. ಐದರಿಂದ ಆರು ವರ್ಷದ ನಡುವೆ ಕೊಡಿಸಬೇಕಾದ ಡಿಪಿಟಿ ಬೂಸ್ಟರ್ ಲಸಿಕೆಯೂ ಇದೇ ಹೊತ್ತಿಗೆ ಬರುತ್ತದೆ. ಬಹಳ ಮನೆಗಳಲ್ಲಿ ಮರೆತುಹೋಗುವುದು ಇದೇ.

ತೊಂದರೆ ಪತ್ತೆಯಾದರೂ ಶಾಲೆ ತಡವಾಗಲೇಬೇಕೆಂದಿಲ್ಲ. ಥೆರಪಿಯೂ ಶಾಲೆಯೂ ಜೊತೆಜೊತೆಗೆ ನಡೆಯಬಹುದು. ಎಷ್ಟೋ ಮಕ್ಕಳು ಮಾತು ಕಲಿಯುವುದು ಬೇರೆ ಮಕ್ಕಳ ನಡುವೆಯೇ. ಅವಧಿಗೆ ಮುನ್ನ ಹುಟ್ಟಿದ ಮಗು, ದೊಡ್ಡ ಕಾಯಿಲೆಯಿಂದ ಈಗಷ್ಟೇ ಚೇತರಿಸಿಕೊಂಡ ಮಗು, ಬೆಳವಣಿಗೆಯ ಹಲವು ಹಂತಗಳಲ್ಲಿ ಒಟ್ಟಾಗಿ ಹಿಂದಿರುವ ಮಗು ಆದರೆ ಕಾಯುವುದಕ್ಕೆ ಕಾರಣವಿದೆ. ಅದನ್ನು ಮಕ್ಕಳ ವೈದ್ಯರ ಜೊತೆ ಕೂತು ತೀರ್ಮಾನಿಸಿ.

ಉಳಿದವರಿಗೆ ಅಕ್ಷರ, ಅಂಕಿಯ ಚಿಂತೆ ಬೇಡ. ಶೌಚಕ್ಕೆ ಹೋಗಬೇಕೆಂದು ಹೇಳಬಲ್ಲದೇ, ಡಬ್ಬಿ ಬಿಚ್ಚಿ ತಾನೇ ಉಣ್ಣಬಲ್ಲದೇ, "ಬ್ಯಾಗ್ ಅಲ್ಲಿಟ್ಟು ಇಲ್ಲಿ ಬಾ" ಎಂಬಂಥ ಎರಡು ಮಾತನ್ನು ಒಟ್ಟಿಗೆ ಹಿಡಿದುಕೊಳ್ಳಬಲ್ಲದೇ, ಅತ್ತರೂ ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಳ್ಳಬಲ್ಲದೇ? ಇಷ್ಟಿದ್ದರೆ ಹೊರಡಬಹುದು.

ಶಾಲೆ ಮಗುವಿಗೆ ಸಿದ್ಧವಿದೆಯೇ?

ಈ ಪ್ರಶ್ನೆಯನ್ನು ಮೈಸೂರು ಜಿಲ್ಲೆಯಲ್ಲೇ ಕೆಲವು ಶಿಕ್ಷಕರು ಹಿಂದೆ ಕೇಳಿಕೊಂಡಿದ್ದರು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ, ಋಷಿವ್ಯಾಲಿಯ ಗ್ರಾಮೀಣ ಶಾಲೆಗಳಿಂದ ಸ್ಫೂರ್ತಿ ಪಡೆದು, ನಲಿ-ಕಲಿ ಶುರುವಾಯಿತು. ಅಲ್ಲಿ ಪಠ್ಯಪುಸ್ತಕದ ಬದಲು ಕಾರ್ಡುಗಳು, ಪಾಠದ ಬದಲು ಕಲಿಕಾ ಏಣಿ. ಮಕ್ಕಳು ಗುಂಪುಗಳಲ್ಲಿ ನೆಲದ ಮೇಲೆ ಕೂತು ತಂತಮ್ಮ ವೇಗದಲ್ಲಿ ಮೆಟ್ಟಿಲು ಹತ್ತುತ್ತಾರೆ. ಜ್ವರ ಬಂದು ವಾರ ತಪ್ಪಿಸಿಕೊಂಡ ಮಗು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ. 2009-10ರಲ್ಲಿ ಇದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಎಲ್ಲೆಡೆ ಮೊದಲಿನ ಹುರುಪಿನಲ್ಲಿ ನಡೆಯುತ್ತಿದೆ ಎಂದು ಹೇಳಲಾರೆ. ಆದರೆ ಇಂಥ ತರಗತಿಯಲ್ಲಿ ಮೇ 31ರ ಮಗುವಿಗೂ ಜೂನ್ 14ರ ಮಗುವಿಗೂ ತಾರೀಖು ಅಷ್ಟು ಮುಖ್ಯವಾಗುವುದಿಲ್ಲ. ಜೂನ್ ಮೊದಲ ವಾರವೇ ನಾಲ್ಕು ಗೆರೆ ಕಾಪಿ, ಡಿಕ್ಟೇಷನ್, ಶನಿವಾರದ ಟೆಸ್ಟು ಇರುವ ಶಾಲೆಯಲ್ಲಿ ಒಂದೊಂದು ತಿಂಗಳೂ ಲೆಕ್ಕಕ್ಕೆ ಬರುತ್ತದೆ. ಶಾಲೆ ಆರಿಸುವಾಗ ಒಂದನೇ ತರಗತಿಯ ವೇಳಾಪಟ್ಟಿಯನ್ನು ಕೇಳಿ ನೋಡಿ.

ಕಾಗದಪತ್ರದ ಮಾತು

ಒಂದನೇ ತರಗತಿಗೆ ಸೇರಿಸುವಾಗ ಮಗುವಿಗೋ ಪೋಷಕರಿಗೋ ಸಂದರ್ಶನ, ಪರೀಕ್ಷೆ ನಡೆಸಿ ಆರಿಸುವುದನ್ನು ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ನಿಷೇಧಿಸುತ್ತದೆ. ಮೊದಲ ಸಲಕ್ಕೆ 25,000 ರೂಪಾಯಿವರೆಗೆ, ಆಮೇಲೆ ಪ್ರತಿ ಸಲಕ್ಕೂ 50,000ದವರೆಗೆ ದಂಡವಿದೆ. "ನಿಮ್ಮ ಮಗು ಇನ್ನೂ ರೆಡಿ ಇಲ್ಲ" ಎಂದು ಪರೀಕ್ಷೆಯ ನೆಪದಲ್ಲಿ ಆರು ತುಂಬಿದ ಮಗುವನ್ನು ವಾಪಸು ಕಳಿಸುವಂತಿಲ್ಲ. ಆರು ದಾಟಿಯೂ ಶಾಲೆ ಸೇರದ ಮಗುವನ್ನು ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಬೇಕೆಂದು 4ನೇ ಕಲಂ ಹೇಳುತ್ತದೆ. ಎರಡು ಮೂರು ವರ್ಷ ಕಾಯುವ ಯೋಚನೆಯಿದ್ದವರು ಇದನ್ನು ತಿಳಿದಿರಬೇಕು. ವಯಸ್ಸಿನ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂಬುದು 14ನೇ ಕಲಂ.

ಜೂನ್ 14ನ್ನು ಮೇ 31 ಮಾಡಿಸುವ ಹಳೆಯ ಉಪಾಯಕ್ಕೆ ದಾರಿ ಮುಚ್ಚುತ್ತಿದೆ. ಜನನ ಮರಣ ನೋಂದಣಿ ಕಾಯ್ದೆಯ ತಿದ್ದುಪಡಿ 2023ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಪಾಸ್‌ಪೋರ್ಟ್, ಮತದಾರರ ಪಟ್ಟಿ ಎಲ್ಲಕ್ಕೂ ಜನನ ಪ್ರಮಾಣಪತ್ರವೇ ಆಧಾರ. ಆ ಮಕ್ಕಳಲ್ಲಿ ಮೊದಲಿನವರಿಗೆ ಆರು ತುಂಬುವುದು 2029ರ ಅಕ್ಟೋಬರಿನಲ್ಲಿ. ಆರರ ನಿಯಮ ಹೀಗೇ ಉಳಿದರೆ ಅವರು ಒಂದನೇ ತರಗತಿಯ ಬಾಗಿಲಿಗೆ ಬರುವುದು 2030ರ ಜೂನ್‌ನಲ್ಲಿ.